ಹುಡುಗ ಮಾತು ಕೇಳವಲ್ಲ ಅಂತ ಬಾಲ ನ್ಯಾಯ ಮಂಡಳಿಗೆ ಅರ್ಜಿ ಕೊಡಾಕ ಬರ್ತದೇನು?

ಜಮಖಂಡಿ ಮಾಸ್ತರ:

ಜಮಖಂಡಿ ತಾಲೂಕಿನ ಒಂದು ಹೈಸ್ಕೂಲಿನಾಗ ಕಲಿಸ್ತೀನಿ. ಪಾಲಕರ ಸಭೆ ಮುಗಿದ ಮ್ಯಾಲೆ ಒಬ್ಬರಲ್ಲ ಒಬ್ಬರು ಬಾಜೂಕ ಕರದು ಕೇಳೂ ಮಾತು ಇದು: "ಸರ, ಇವನ್ನ ಒಂದೆರಡು ವರ್ಷ ರಿಮಾಂಡ್ ಹೋಮಿಗೆ ಹಾಕಸ್ರಿ, ತಿದ್ದಿಕೊಂಡು ಬರ್ತಾನ." ಹಂಗ ಆಗೂದಿಲ್ಲ ಅಂತ ಹೇಳಿದ್ರ ನಂಬೂದಿಲ್ಲ. ಅಜ್ಜನ ಕಾಲದಾಗ ಆಗ್ತಿತ್ತಲ್ಲ ಅಂತಾರ.

ಈಗ ಎದುರಿಗಿರೂ ಪ್ರಸಂಗ ಹಿಂಗದ. ಹುಡುಗ 9ನೇತ್ತೆ, ವಯಸ್ಸು 15. ಸಾಲಿಗೆ ವಾರದಾಗ ಎರಡು ದಿವಸ ಬಂದ್ರ ಹೆಚ್ಚು. ಗುಟ್ಕಾ ತಿಂತಾನ. ಅಪ್ಪನ ಬೈಕ್ ತಗೊಂಡು ಹೊಂಟ್ರ ರಾತ್ರಿ ಹನ್ನೊಂದಕ್ಕ ಮನಿಗೆ. ಮನ್ಯಾಗ ಇಟ್ಟ ರೊಕ್ಕ ಎರಡು ಸಲ ಕಾಣೆ ಆಗ್ಯಾವ. ಒಮ್ಮೆ ಹೇಳದ ಕೇಳದ ಸೋಲಾಪುರಕ್ಕ ಹೋಗಿ ಮೂರು ದಿನ ಬಿಟ್ಟು ಬಂದಾನ. ತಾಯಿ ಮ್ಯಾಲೂ ಕೈ ಎತ್ತಾನಂತ. ಹೊರಗಿನವರು ಯಾರೂ ದೂರು ಕೊಟ್ಟಿಲ್ಲ.

ತಂದೆ-ತಾಯಿ ತಾವಾಗೇ ಮಂಡಳಿಗೆ ಅರ್ಜಿ ಕೊಡಬಹುದೇನು? ಕೊಟ್ರ ಏನಾಗ್ತದ? ಕೊಡೂ ಹಂಗಿಲ್ಲ ಅಂದ್ರ ಎಲ್ಲಿಗೆ ಹೋಗಬೇಕು? ತಿಳಿದವರು ಕಲಂ ಸಮೇತ ಹೇಳ್ರಿ, ಪಾಲಕರಿಗೆ ಅದನ್ನೇ ಓದಿ ಹೇಳ್ತೀನಿ.

ನವನಗರ ವಕೀಲ:

ಮಾಸ್ತರ, ಬರೋದಿಲ್ಲ. ಬಾಲ ನ್ಯಾಯ ಮಂಡಳಿಯ ಮುಂದೆ ಬರುವುದು 18 ತುಂಬದ, ಯಾವುದಾದರೂ ಅಪರಾಧದ ಆರೋಪ ಇರುವ ಮಗು ಮಾತ್ರ. ಶಾಲೆ ತಪ್ಪಿಸುವುದು, ತಡವಾಗಿ ಮನೆಗೆ ಬರುವುದು, ತಿರುಗಿ ಮಾತಾಡುವುದು, ಮನೆ ಬಿಟ್ಟು ಹೋಗುವುದು, ಇವು ಯಾವುವೂ ನಮ್ಮಲ್ಲಿ ಅಪರಾಧವಲ್ಲ. ದೊಡ್ಡವನು ಮಾಡಿದರೆ ಅಪರಾಧವಾಗದ್ದನ್ನು ಮಗು ಮಾಡಿದರೂ ಆಗುವುದಿಲ್ಲ.

ಅಜ್ಜನ ಕಾಲದ ಮಾತು ಮಾತ್ರ ಸುಳ್ಳಲ್ಲ. 1986ರ ಬಾಲ ನ್ಯಾಯ ಕಾಯ್ದೆಯ 17ನೇ ಕಲಂ ಹತೋಟಿಗೆ ಬಾರದ ಮಕ್ಕಳ ಬಗ್ಗೆಯೇ ಇತ್ತು. "ಇವನನ್ನು ಹಿಡಿತದಲ್ಲಿ ಇಡಲು ನನ್ನಿಂದಾಗುತ್ತಿಲ್ಲ" ಎಂದು ತಂದೆ ಅಥವಾ ಪೋಷಕ ಆಗಿನ ಬಾಲ ಕಲ್ಯಾಣ ಮಂಡಳಿಗೆ ದೂರು ಕೊಡಬಹುದಿತ್ತು. ಮಂಡಳಿಗೆ ಹೌದೆನಿಸಿದರೆ ಹುಡುಗನನ್ನು ವೀಕ್ಷಣಾಲಯಕ್ಕೆ (ವಿಚಾರಣೆ ನಡೆಯುವಾಗ ಮಕ್ಕಳನ್ನು ಇಡುವ ಗೃಹ, ಊರವರ ಬಾಯಲ್ಲಿ ರಿಮಾಂಡ್ ಹೋಮ್) ಕಳಿಸಿ ವಿಚಾರಣೆ ನಡೆಸುತ್ತಿತ್ತು. 2000ದ ಕಾಯ್ದೆ ಬಂದಾಗ ಆ ಕಲಂ ಹೋಯಿತು. ಆ ಕಾಯ್ದೆ ಜಾರಿಯಾದದ್ದು 2001ರ ಏಪ್ರಿಲ್ 1ರಿಂದ. ಅಂದರೆ ಆ ಬಾಗಿಲು ಮುಚ್ಚಿ ಎರಡು ದಶಕ ದಾಟಿದೆ, ಆದರೆ ಊರಲ್ಲಿ "ರಿಮಾಂಡ್ ಹೋಮಿಗೆ ಹಾಕ್ತೀನಿ" ಎಂಬ ಬೆದರಿಕೆ ಇನ್ನೂ ಓಡಾಡುತ್ತಿದೆ.

ಆಮೇಲೆ ಆದದ್ದು ಗಮನಿಸಿ. 2000ದ ಕಾಯ್ದೆಯಲ್ಲಿ "ಮಗುವನ್ನು ಹಿಡಿತದಲ್ಲಿಡಲು ಅಸಮರ್ಥರಾದ ತಂದೆ-ತಾಯಿ" ಎಂಬರ್ಥದ ಮಾತು ಉಳಿದಿತ್ತು. ಈಗ ನಡೆಯುತ್ತಿರುವ 2015ರ ಕಾಯ್ದೆಯಲ್ಲಿ (2016ರ ಜನವರಿ 15ರಿಂದ ಜಾರಿ) ಅದೂ ಇಲ್ಲ. ಅದರ 2(14)ನೇ ಕಲಂ ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು ಯಾರು ಎಂದು ಪಟ್ಟಿ ಕೊಡುತ್ತದೆ: ಮನೆ ಬಿಟ್ಟು ಓಡಿಹೋದ ಮಗು, ಕಾನೂನು ಮೀರಿ ದುಡಿಯುತ್ತಿರುವ ಮಗು, ಮಾದಕ ವಸ್ತುವಿನ ಜಾಲಕ್ಕೆ ಬೀಳುವ ಸಂಭವ ಇರುವ ಮಗು, ಮದುವೆ ಮಾಡಿಬಿಡುವ ಅಪಾಯದಲ್ಲಿರುವ ಮಗು, ತನ್ನನ್ನು ನೋಡಿಕೊಳ್ಳಲು ತಂದೆ-ತಾಯಿ ಅಯೋಗ್ಯರು ಅಥವಾ ಅಸಮರ್ಥರು ಎಂದು ತೀರ್ಮಾನವಾದ ಮಗು, ಹೀಗೆ. ಇಡೀ ಪಟ್ಟಿಯಲ್ಲಿ ಮಗುವಿನ ಮೊಂಡುತನಕ್ಕೆ ಜಾಗವಿಲ್ಲ. ತಂದೆ ದೂರು ತೆಗೆದುಕೊಂಡು ಹೋದರೆ ಮೊದಲ ಪ್ರಶ್ನೆ ತಂದೆಗೇ ಬರುತ್ತದೆ.

ಆ ಪಟ್ಟಿಯ ಮಕ್ಕಳನ್ನು ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಅದು ನ್ಯಾಯ ಮಂಡಳಿಯಲ್ಲ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಪ್ರತಿ ಜಿಲ್ಲೆಗೂ ಕನಿಷ್ಠ ಒಂದು. ನಿಮ್ಮ ಹುಡುಗನ ವಿಷಯ ಹೋಗಬೇಕಾದರೆ ಅಲ್ಲಿಗೆ ಹೋಗಬೇಕು, ಅದೂ ಶಿಕ್ಷೆ ಕೊಡಿಸಲು ಅಲ್ಲ.

ನಿವೃತ್ತ ಪರಿವೀಕ್ಷಕ, ವಿಜಯಪುರ:

ವಕೀಲರು ಕಾನೂನು ಹೇಳ್ಯಾರ. ನಾನು ಪರಿವೀಕ್ಷಕ, ಅಂದ್ರ ಪ್ರೊಬೇಷನ್ ಆಫೀಸರ್ ಆಗಿದ್ದಾವ, ಕೆಲಸದ ಮಾತು ಹೇಳ್ತೀನಿ.

ಪಾಲಕರು ಮಾಡೂ ದೊಡ್ಡ ತಪ್ಪು ಒಂದದ. ಮಗನ್ನ ಹೆದರಸಾಕ ಅಂತ ಅಧಿಕಾರಿಗಳ ಮುಂದ ಒಂದಕ್ಕ ಹತ್ತು ಹೇಳ್ತಾರ. "ಇವ ನಮಗ ಬ್ಯಾಡ್ರಿ, ಒಳಗ ಹಾಕ್ರಿ, ಇವನ ಗೆಳ್ಯಾರೆಲ್ಲ ಕಳ್ಳರ ಅದಾರ." ಸಂಜಿಗೆ ಸಿಟ್ಟು ಇಳೀತದ, ಮಗನ್ನ ಕರಕೊಂಡು ಹೋಗಾಕ ಬರ್ತಾರ. ಆದ್ರ ಅಂದ ಮಾತು ಅಷ್ಟೂ ಕಾಗದದ ಮ್ಯಾಲೆ ಬಂದಿರ್ತದ. ಮುಂದ ಯಾವಾಗರೆ ಖರೇನ ಒಂದು ಪ್ರಕರಣ ಆತಂದ್ರ ಜಾಮೀನು ಕೊಡಬಾರದು ಅನ್ನಾಕ ಅದೇ 2015ರ ಕಾಯ್ದೆಯ 12ನೇ ಕಲಮಿನಾಗ ಇರೂ ಕಾರಣ ಮೂರ: ಬಿಟ್ರ ಅಪರಾಧಿಗಳ ಸಹವಾಸಕ್ಕ ಬೀಳ್ತಾನ, ಬಿಟ್ರ ಅವನಿಗೇ ಅಪಾಯ ಅದ, ಬಿಟ್ರ ನ್ಯಾಯದ ಉದ್ದೇಶ ಕೆಡ್ತದ. ಮೊದಲಿನ ಎರಡೂ ಕಾರಣ ಅಪ್ಪ ತನ್ನ ಬಾಯಿಲೇ ಬರಸಿಕೊಟ್ಟಂಗ ಆತು.

ಎರಡನೇದು, ಸಮಾಜ ತನಿಖಾ ವರದಿ. ಮಂಡಳಿ ಆಗಲಿ ಸಮಿತಿ ಆಗಲಿ, ಅದಿಲ್ಲದ ಮುಂದ ಹೋಗೂದಿಲ್ಲ. ಮಂಡಳಿಗಾದ್ರ ಎರಡು ವಾರದಾಗ, ಸಮಿತಿಗಾದ್ರ 15 ದಿವಸದಾಗ ಕೊಡಬೇಕು. ವರದಿ ಬರಿಯಾವ ಮನಿಗೆ ಬರ್ತಾನ. ಮನ್ಯಾಗ ಎಷ್ಟು ಮಂದಿ, ಯಾರು ಎಲ್ಲಿ ಮಲಗ್ತಾರ, ಹುಡುಗ ಓದಾಕ ಕುಂಡ್ರೂ ಜಾಗ ಯಾವುದು, ಅಪ್ಪ ಕುಡೀತಾನೇನು, ಕಬ್ಬು ಕಡಿಯೂ ಸೀಸನ್ನಿನಾಗ ಮನ್ಯಾಗ ದೊಡ್ಡವರು ಯಾರಿರ್ತಾರ, ಹುಡುಗನ ಕೈಗೆ ಮೊಬೈಲ್ ಯಾವಾಗ ಬಂತು, ಸಾಲಿ ಬಿಡೂ ಮೊದಲ ಯಾವ ವಿಷಯದಾಗ ಫೇಲ್ ಆಗಿದ್ದ, ಇಷ್ಟೂ ಕೇಳ್ತಾನ. ನೆರಿಮನ್ಯಾಗ ಕೇಳ್ತಾನ, ಸಾಲ್ಯಾಗ ಹಾಜರಿ ಪುಸ್ತಕ ತಗಿಸಿ ನೋಡ್ತಾನ. ಹಾಜರಿ ಯಾವ ತಿಂಗಳಿಂದ ಬಿತ್ತು ಅನ್ನೂದರ ಮ್ಯಾಲೆ ಅರ್ಧಾ ವಿಷಯ ತಿಳೀತದ. ಒಮ್ಮಿಂದೊಮ್ಮೆ ಬಿದ್ದಿತ್ತಂದ್ರ ಆ ತಿಂಗಳು ಮನ್ಯಾಗೋ ಸಾಲ್ಯಾಗೋ ಏನೋ ಆಗಿರ್ತದ. ಯಾರೋ ಹೊಡದಿರ್ತಾರ, ಅಪ್ಪ-ಅವ್ವ ಬ್ಯಾರೆ ಆಗಿರ್ತಾರ, ಇಲ್ಲಾ ದುಡಿಯಾಕ ಹಚ್ಚಿರ್ತಾರ. ಸಾವಕಾಶ ಇಳದಿತ್ತಂದ್ರ ಓದೂದು ತಲಿಗೆ ಹತ್ತವಲ್ಲದು ಅಂತ.

ಮಾಸ್ತರ, ನೀವು ಆ ಹಾಜರಿ ಪುಸ್ತಕ ಇವತ್ತೇ ತಗದು ನೋಡ್ರಿ. ತಾಯಿ ಮ್ಯಾಲೆ ಕೈ ಎತ್ತೂ ಹುಡುಗನ ಮನ್ಯಾಗ ಅವನಕಿಂತ ಮೊದಲ ಬ್ಯಾರೆ ಯಾರರೆ ಆ ತಾಯಿ ಮ್ಯಾಲೆ ಕೈ ಎತ್ತತಿದ್ರೇನು ಅನ್ನೂದನ್ನೂ ತಾಯಿನ್ನ ಒಬ್ಬಾಕಿನ್ನ ಕೂಡಿಸಿ ಕೇಳಬೇಕು. ಅಪ್ಪನ ಎದುರಿಗೆ ಕೇಳಿದ್ರ ಉತ್ತರ ಬರೂದಿಲ್ಲ. ಹಂಗ ಇತ್ತಂದ್ರ ಆಕಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅದ, ಅದು ಬ್ಯಾರೇನೇ ದಾರಿ.

ಕರದಂಟು ಗೋಕಾಕ:

ಇಷ್ಟೆಲ್ಲಾ ಯಾಕ್ರಿ? ಗುರುತಿನ ಪಿಎಸ್‌ಐ ಇದ್ರ ಒಂದು ದಿನ ಸ್ಟೇಶನ್ನಿಗೆ ಕರಿಸಿ ಕೂಡಿಸಿ ಎರಡು ಬಿಟ್ರ ದಾರಿಗೆ ಬರ್ತಾನ. ನಮ್ಮ ಕಡೆ ಹಿಂಗ ಮಾಡ್ತಾರ.

ನವನಗರ ವಕೀಲ:

ಮಾಡುತ್ತಾರೆ ಎನ್ನುವುದು ಗೊತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ, ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು (107ನೇ ಕಲಂ). ಮಗುವಿನ ಜತೆ ವ್ಯವಹರಿಸಬೇಕಾದವರು ಅವರು, ಅದೂ ಆದಷ್ಟು ಮಟ್ಟಿಗೆ ಸಮವಸ್ತ್ರವಿಲ್ಲದೆ. ಅಪರಾಧದ ಆರೋಪವೇ ಇಲ್ಲದ ಹುಡುಗನನ್ನು ಕರೆಸಿ ಕೂಡಿಸಲು ಅವರಿಗೂ ಅಧಿಕಾರವಿಲ್ಲ. ಹೊಡೆತ ಬಿದ್ದರೆ 75ನೇ ಕಲಂ ಇದೆ: ತನ್ನ ಸುಪರ್ದಿನಲ್ಲಿರುವ ಮಗುವನ್ನು ಹೊಡೆದು ಬಡಿದು ಹಿಂಸಿಸಿದರೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ.

ಕಾನೂನು ಬದಿಗಿಡಿ. ಹೀಗೆ ಹೆದರಿಸಿ ಕಳಿಸಿದ ಹುಡುಗ ಮುಂದಿನ ಸಲ ಮನೆ ಬಿಟ್ಟರೆ ಸಂಜೆಗೆ ತಿರುಗಿ ಬರುವುದಿಲ್ಲ.

ಜಮಖಂಡಿ ಮಾಸ್ತರ:

ಹಾಜರಿ ಪುಸ್ತಕ ನೋಡಿದೆ. ಎಂಟನೇತ್ತೆ ಎರಡನೇ ಸತ್ರದಿಂದ ಒಮ್ಮಿಂದೊಮ್ಮೆ ಬಿದ್ದದ. ತಾಯಿಗೆ ಬರಾಕ ಹೇಳೀನಿ.

ಇನ್ನೊಂದು. ತಂದೆ ಈಗ ಮನ್ಯಾಗ ಆದ ಕಳವಿನ ಮ್ಯಾಲೇ ಕಂಪ್ಲೇಂಟ್ ಕೊಡ್ತೀನಿ ಅನ್ನಾಕತ್ತಾನ. ಅದು ಅಪರಾಧನೇ ಅಲ್ಲ? ಆಗ ಮಂಡಳಿ ತಗೋತದಲ್ಲ? ತಗೊಂಡ್ರ ಒಳಗ ಏನೇನು ನಡೀತದ?

ನವನಗರ ವಕೀಲ:

ತೆಗೆದುಕೊಳ್ಳುತ್ತದೆ. ಅದಕ್ಕೇ ಆ ಕಂಪ್ಲೇಂಟ್ ಕೊಡುವ ಮೊದಲು ತಂದೆ ಇದನ್ನು ಪೂರ್ತಿ ಓದಲಿ.

ಅಪರಾಧಗಳಲ್ಲಿ ಮೂರು ದರ್ಜೆ. ಗರಿಷ್ಠ ಶಿಕ್ಷೆ 3 ವರ್ಷದವರೆಗೆ ಇದ್ದರೆ ಸಣ್ಣ ಅಪರಾಧ. ಅದಕ್ಕಿಂತ ಹೆಚ್ಚು, 7 ವರ್ಷದವರೆಗೆ ಇದ್ದರೆ ಗಂಭೀರ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಮೇಲಿದ್ದರೆ ಘೋರ. ಗರಿಷ್ಠ 7 ವರ್ಷ ಮೀರಿದರೂ ಕನಿಷ್ಠ ಅಷ್ಟಿಲ್ಲದವುಗಳನ್ನು 2021ರ ತಿದ್ದುಪಡಿ ಗಂಭೀರಕ್ಕೇ ಸೇರಿಸಿತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾದಾ ಕಳವಿಗೆ (303) 3 ವರ್ಷದವರೆಗೆ, ಅದು ಸಣ್ಣದು. ಆದರೆ ವಾಸದ ಮನೆಯೊಳಗಿನ ಕಳವು 305ನೇ ಕಲಮಿಗೆ ಬರುತ್ತದೆ, ಅದಕ್ಕೆ 7 ವರ್ಷದವರೆಗೆ. ಅಂದರೆ ಬಜಾರಿನಲ್ಲಿ ಯಾರದೋ ಜೇಬಿಗೆ ಕೈ ಹಾಕಿದ್ದಕ್ಕಿಂತ ಅಪ್ಪನ ಟ್ರಂಕಿನಿಂದ ತೆಗೆದದ್ದು ಮೇಲಿನ ದರ್ಜೆಗೆ ಹೋಗಿ ಕೂರುತ್ತದೆ. ಇದರಿಂದ ಆಗುವ ನಷ್ಟ ಏನೆಂದರೆ, ವಿಚಾರಣೆಯನ್ನು ಮೊದಲ ಹಾಜರಿಯಿಂದ 4 ತಿಂಗಳಲ್ಲಿ ಮುಗಿಸಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಮುಗಿಯದಿದ್ದರೆ ಸಣ್ಣ ಅಪರಾಧದ ವಿಚಾರಣೆ ಅಲ್ಲಿಗೆ ರದ್ದು. ಗಂಭೀರದ್ದು ರದ್ದಾಗುವುದಿಲ್ಲ, ಎಳೆಯುತ್ತದೆ. ಸಿಟ್ಟಿಳಿದ ಮೇಲೆ ತಂದೆ "ವಾಪಸ್ ತಗೋತೀನಿ" ಎಂದ ಮಾತ್ರಕ್ಕೆ ತಾನಾಗಿ ಮುಗಿಯುವುದೂ ಇಲ್ಲ.

ನಡೆಯುವ ಕ್ರಮ ಹೀಗೆ. ಘೋರ ಅಪರಾಧ ಅಥವಾ ದೊಡ್ಡವರ ಜತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಹಾಕುವುದಿಲ್ಲ. 2016ರ ಮಾದರಿ ನಿಯಮಗಳ 8ನೇ ನಿಯಮದಂತೆ ಠಾಣಾ ದಿನಚರಿಯಲ್ಲಿ ಬರೆದು, ಸಾಮಾಜಿಕ ಹಿನ್ನೆಲೆ ವರದಿ ಸೇರಿಸಿ ಮಂಡಳಿಗೆ ಕಳಿಸಬೇಕು. ಮಗುವನ್ನು ವಶಕ್ಕೆ ತೆಗೆದುಕೊಂಡಿದ್ದರೆ ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮಂಡಳಿ ಮುಂದೆ ತರಬೇಕು. ಮಂಡಳಿ ಆ ದಿನ ಕೂತಿರದಿದ್ದರೆ ಒಬ್ಬ ಸದಸ್ಯರ ಮುಂದೆ ತಂದರೂ ಆದೀತು.

ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಕೂರುವುದು ಕೋರ್ಟಿನ ಆವರಣದಲ್ಲಿ ಅಲ್ಲ, ವೀಕ್ಷಣಾಲಯದಲ್ಲಿ ಅಥವಾ ಅದರ ಹತ್ತಿರ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಜಾಮೀನು ಕೊಡುವುದೇ ನಿಯಮ, ಅಪರಾಧ ಜಾಮೀನಿಗೆ ಅರ್ಹವೋ ಅಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಕೊಡದಿದ್ದರೆ ಪರಿವೀಕ್ಷಕರು ಮೇಲೆ ಹೇಳಿದ ಮೂರರಲ್ಲಿ ಒಂದು ಕಾರಣ ಬರೆದೇ ನಿರಾಕರಿಸಬೇಕು. ಜಾಮೀನಿನ ಷರತ್ತು ಪೂರೈಸಲಾಗದೆ 7 ದಿನ ಒಳಗೇ ಉಳಿದರೆ ಷರತ್ತು ಸಡಿಲಿಸಲು ಮತ್ತೆ ಮಂಡಳಿ ಮುಂದೆ ತರಬೇಕು. ಆದರೂ ಹುಡುಗರು ಒಳಗೆ ಕೊಳೆಯುವುದುಂಟು. ಹೆಚ್ಚಿನ ಸಲ ಕಾರಣ ಒಂದೇ, ಪಾಲಕರು ಬಂದಿರುವುದಿಲ್ಲ. ಕಬ್ಬಿನ ಗ್ಯಾಂಗಿನ ಜತೆ ಮಹಾರಾಷ್ಟ್ರಕ್ಕೋ ಕಟ್ಟಡ ಕೆಲಸಕ್ಕೆ ಗೋವಾಕ್ಕೋ ಹೋಗಿರುತ್ತಾರೆ. ಅಂಥ ಹೊತ್ತಿನಲ್ಲಿ ಚಿಕ್ಕಪ್ಪ, ಸೋದರಮಾವ ಯಾರಾದರೂ ಗುರುತಿನ ಕಾಗದ, ಸಂಬಂಧ ತೋರಿಸುವ ರೇಷನ್ ಕಾರ್ಡ್ ಹಿಡಿದು ಹೋಗಿ ಮುಚ್ಚಳಿಕೆ ಬರೆದುಕೊಡಲು ಮುಂದಾಗಬೇಕು. ವಕೀಲರ ಫೀಸಿಗೆ ಹೆದರುವುದು ಬೇಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಮಗುವಿಗೆ ಆದಾಯದ ಮಿತಿ ಕೇಳುವುದಿಲ್ಲ.

ತಪ್ಪು ಸಾಬೀತಾದರೆ 18ನೇ ಕಲಂ. ಬುದ್ಧಿ ಹೇಳಿ ಮನೆಗೆ ಕಳಿಸುವುದು, ಅದರ ಜತೆ ತಂದೆ-ತಾಯಿಗೂ ಕೌನ್ಸೆಲಿಂಗ್, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ಅದನ್ನು ಪಾಲಕರ ಮೇಲೂ ಹಾಕಬಹುದು, ಸನ್ನಡತೆಯ ಮುಚ್ಚಳಿಕೆ ಮೇಲೆ ತಂದೆ-ತಾಯಿ ಅಥವಾ ಯೋಗ್ಯ ವ್ಯಕ್ತಿಯ ಸುಪರ್ದಿಗೆ 3 ವರ್ಷದವರೆಗೆ ಬಿಡುವುದು, ಕೊನೆಯಲ್ಲಿ ವಿಶೇಷ ಗೃಹ, ಅದೂ 3 ವರ್ಷ ಮೀರುವಂತಿಲ್ಲ. ಇವುಗಳ ಜತೆಗೆ ಶಾಲೆಗೆ ಹೋಗಬೇಕು, ಕೈಕಸುಬು ಕಲಿಯಬೇಕು, ಇಂಥ ಜಾಗಕ್ಕೆ ಕಾಲಿಡಬಾರದು, ವ್ಯಸನಮುಕ್ತಿ ಚಿಕಿತ್ಸೆಗೆ ಹೋಗಬೇಕು ಎಂದು ಆದೇಶಿಸಬಹುದು. ಮೊದಲ ಸಲದ ಮನೆಗಳವಿಗೆ ಹುಡುಗನನ್ನು ಎರಡು ವರ್ಷ ಒಳಗೆ ಇಡುತ್ತಾರೆ ಎಂದು ತಂದೆ ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪು. ಬುದ್ಧಿ ಹೇಳಿ, ಮುಚ್ಚಳಿಕೆ ಬರೆಸಿ, ತಿರುಗಿ ಅದೇ ಮನೆಗೆ ಕಳಿಸುವ ಸಂಭವವೇ ಹೆಚ್ಚು. ಪ್ರತಿ ತಾರೀಖಿಗೆ ಜಮಖಂಡಿಯಿಂದ ಕೂಲಿ ಬಿಟ್ಟು ಕರೆದುಕೊಂಡು ಬರಬೇಕಾದವನೂ ತಂದೆಯೇ.

16 ದಾಟಿದವರ ಘೋರ ಅಪರಾಧ ಬೇರೆ ಕಥೆ. ಅಲ್ಲಿ 15ನೇ ಕಲಮಿನ ಪ್ರಾಥಮಿಕ ಮೌಲ್ಯಮಾಪನ ನಡೆದು ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. ಹೈಸ್ಕೂಲು, ಪಿಯುಸಿ ಮಟ್ಟದಲ್ಲಿ ಇದು ಎದುರಾಗುವುದು ಹೆಚ್ಚಾಗಿ ಪ್ರೀತಿ ಮಾಡಿ ಓಡಿಹೋದ ಪೋಕ್ಸೋ ಪ್ರಕರಣಗಳಲ್ಲಿ. ನಿಮ್ಮ ಹುಡುಗನಿಗೆ ಸಂಬಂಧವಿಲ್ಲ, ಬಿಡಿ.

ಬೈಕಿನ ವಿಷಯಕ್ಕೆ ಮಾತ್ರ ಸಂಬಂಧವಿದೆ. ಮೋಟಾರು ವಾಹನ ಕಾಯ್ದೆ 199ಎ. ಅಪ್ರಾಪ್ತ ಓಡಿಸಿ ಸಿಕ್ಕಿಬಿದ್ದರೆ ಪೋಷಕನಿಗೆ ಅಥವಾ ವಾಹನ ಮಾಲೀಕನಿಗೆ 3 ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಮಗನ ಮೇಲೆ ಕಂಪ್ಲೇಂಟ್ ಬರೆಯಲು ಹೊರಟ ತಂದೆ ಮೊದಲು ಬೈಕಿನ ಚಾವಿ ಎಲ್ಲಿಡುತ್ತಾನೆ ಎಂಬುದನ್ನು ಯೋಚಿಸಲಿ.

ಪಿಎಲ್‌ವಿ ಅಕ್ಕ, ಇಂಡಿ:

ನಾನು ಪಿಎಲ್‌ವಿ, ಅಂದ್ರ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿ. ಸೋಲಾಪುರದ ಮಾತು ಬಂತಲ್ಲ ಸರ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಈ ಮೂರೂ ಜಿಲ್ಲೆ ಮಕ್ಕಳು ಮನಿ ಬಿಟ್ರ ರೈಲು ಹತ್ತೂದೇ ಹೆಚ್ಚು. ವಿಜಯಪುರ, ಇಂಡಿ ಕಡೆಯವರು ಸೋಲಾಪುರಕ್ಕ, ಬೆಳಗಾವಿ ಕಡೆಯವರು ಮಿರಜ್, ಪುಣೆ, ಇಲ್ಲಾ ಗೋವಾಕ್ಕ.

ಮಗು ಕಾಣವಲ್ಲದು ಅಂದ ಕೂಡಲೆ ಠಾಣೆಗೆ ಹೋಗ್ರಿ. "ನಾಳೆ ಬರ್ತಾನ ತಡೀರಿ" ಅಂದ್ರ ಒಪ್ಪಬ್ಯಾಡ್ರಿ. 18ರ ಒಳಗಿನವರು ಕಾಣೆಯಾದ್ರ ಅಪಹರಣ ಅಂತಾನೇ ಹಿಡದು ಎಫ್‌ಐಆರ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2013ರಾಗ ಹೇಳೇದ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡ್ರಿ. ಇತ್ತೀಚಿನ ಫೋಟೋ, ಹಾಕಿಕೊಂಡ ಅಂಗಿ ಬಣ್ಣ, ಜೋಡಿ ಇರೂ ಗೆಳ್ಯಾರ ಹೆಸರು ಕೈಯಾಗ ಇರಲಿ.

ಬ್ಯಾರೆ ರಾಜ್ಯದಾಗ ಸಿಕ್ಕ ಮಗುನ್ನ ಅಲ್ಲಿಯ ಮಕ್ಕಳ ಕಲ್ಯಾಣ ಸಮಿತಿ ಮುಂದ 24 ತಾಸಿನಾಗ ನಿಲ್ಲಸ್ತಾರ. ಅಪ್ಪ ಹೋದ ಕೂಡಲೆ ಕೈಗೆ ಕೊಡೂದಿಲ್ಲ. ಅವರು ಇಲ್ಲಿಯ ಸಮಿತಿಗೆ ಬರೀತಾರ, ಇಲ್ಲಿಂದ ಮನಿ ಪರಿಸ್ಥಿತಿ ನೋಡಿ ವರದಿ ಹೋಗ್ತದ, ಆಮ್ಯಾಲೆ 95ನೇ ಕಲಂ ಪ್ರಕಾರ ಮಗುನ್ನ ನಮ್ಮ ಜಿಲ್ಲೆ ಸಮಿತಿಗೆ ವರ್ಗಾ ಮಾಡ್ತಾರ. ಹೆಣ್ಣುಮಗು ಆದ್ರ ಜೋಡಿ ಮಹಿಳಾ ಪೊಲೀಸರೇ ಬರಬೇಕು. ತಡ ಆಗೂದು ಕಾಗದಕ್ಕ. ಮಹಾರಾಷ್ಟ್ರದ ಕಾಗದ ಮರಾಠಿಯಾಗ ಇರ್ತಾವ, ಮಗುವಿನ ಹೆಸರು ಅಲ್ಲಿ ಒಂದು ನಮೂನಿ, ಇಲ್ಲಿ ಒಂದು ನಮೂನಿ ಬರದಿರ್ತಾರ. ಸಾಲಿ ದಾಖಲಾತಿಯೊಳಗ ಇದ್ದಂಗ ಹೆಸರು ಅಕ್ಷರಾ ತಿದ್ದಿಸಿಕೊಳ್ರಿ, ಇಲ್ಲಂದ್ರ ಮತ್ತ ಓಡಾಟ.

ಈ ಹುಡುಗ ತಾನಾಗಿ ತಿರುಗಿ ಬಂದಾನ ಅಂದ್ರೂ ಓಡಿಹೋದ ಮಗು ಅಂತ ಬಾಗಲಕೋಟೆ ಸಮಿತಿ ಮುಂದ ಕರಕೊಂಡು ಹೋಗಾಕ ಅಡ್ಡಿ ಇಲ್ಲ. ನವನಗರಕ್ಕ ಹೋಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಲ್ಲಿ ಅಂತ ಕೇಳ್ರಿ, ಸಮಿತಿ ಕೂಡೂ ದಿವಸ ಅವರು ಹೇಳ್ತಾರ. ತಿಂಗಳಿಗೆ ಕನಿಷ್ಠ 20 ದಿವಸ ಕೂಡಬೇಕು ಅಂತ ಕಾಯ್ದೆಯಾಗ ಅದ, ಆದ್ರೂ ಮೊದಲ ಫೋನ್ ಮಾಡಿ ಹೋಗೂದು ಚಲೋ. ಬಿಳಿ ಹಾಳಿ ಮ್ಯಾಲೆ ಅರ್ಜಿ ಬರದ್ರ ಸಾಕು. ಅರ್ಜಿಯಾಗ "ಮಗ ಕೆಟ್ಟಾನ" ಅಂತ ಬರೀಬ್ಯಾಡ್ರಿ. ಯಾವ ತಾರೀಖಿಗೆ ಮನಿ ಬಿಟ್ಟ, ಎಷ್ಟು ದಿನ ಇರಲಿಲ್ಲ, ಸಾಲಿ ಎಂದಿನಿಂದ ತಪ್ಪೇದ, ಏನು ವ್ಯಸನ, ಏನು ಸಹಾಯ ಬೇಕು, ಇಷ್ಟು ಬರೀರಿ. ಸಮಿತಿ ಮಗುವಿನ ಜೋಡಿ ಬ್ಯಾರೆ ಮಾತಾಡ್ತದ, ಆಮ್ಯಾಲೆ ಬಹಳ ಸಲ ಮೇಲ್ವಿಚಾರಣೆ ಷರತ್ತು ಹಾಕಿ ತಂದೆ-ತಾಯಿ ಕಡೆನೇ ಕಳಸ್ತದ. ಬಾಲಮಂದಿರಕ್ಕ ಕಳಸೂದು ಬ್ಯಾರೆ ದಾರಿ ಇಲ್ಲದಾಗ.

ಒಂದು ಎಚ್ಚರ ಹೇಳ್ತೀನಿ. ಕೆಲವರು ಪಾಲಕರಿಗೆ "ಮಗುನ್ನ ಸರೆಂಡರ್ ಮಾಡ್ರಿ" ಅಂತ ಸಲಹಾ ಕೊಡ್ತಾರ. 35ನೇ ಕಲಮಿನ ಸರೆಂಡರ್ ಅಂದ್ರ ಹಾಸ್ಟೆಲ್ಲಿಗೆ ಸೇರಿಸಿದಂಗ ಅಲ್ಲ, ಪಾಲಕತ್ವನೇ ಬಿಟ್ಟುಕೊಟ್ಟಂಗ. ಮರುವಿಚಾರ ಮಾಡಾಕ ಸಿಗೂದು ಎರಡೇ ತಿಂಗಳು. ಸಿಟ್ಟಿನ್ಯಾಗ ಸಹಿ ಮಾಡೂ ಕಾಗದ ಅಲ್ಲದು.

ಗುಟ್ಕಾ ಮತ್ತ ಸಿಟ್ಟಿನ ಸಲುವಾಗಿ ಸಮಿತಿ ತನಕಾ ಕಾಯೂದೂ ಬ್ಯಾಡ. ತಾಲೂಕು ಆಸ್ಪತ್ರೆಯಾಗ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ನಡೀತದ, ಮನೋವೈದ್ಯರು ಅಲ್ಲಿಗೇ ಬರ್ತಾರ. ಹೆಚ್ಚಿನದು ಬೇಕಾದ್ರ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ. ಫೋನಿನ್ಯಾಗ ಮಾತಾಡಾಕ ಟೆಲಿ ಮಾನಸ್ 14416, ಕನ್ನಡದಾಗೇ ಮಾತಾಡ್ತಾರ. ಗುಟ್ಕಾ ಮಾರಿದ ಅಂಗಡಿಯವನ ಮ್ಯಾಲೂ ಪ್ರಕರಣ ಆಗ್ತದ, 77ನೇ ಕಲಂ, ಮಕ್ಕಳಿಗೆ ತಂಬಾಕು ಕೊಟ್ರ 7 ವರ್ಷದತನಕಾ ಸಜಾ, 1 ಲಕ್ಷದತನಕಾ ದಂಡ. ಸಾಲಿ ಗೇಟಿನ ಎದುರಿಗೇ ಮಾರಾಕತ್ತಿದ್ರ ಮಾಸ್ತರೇ ಲೆಟರ್‌ಹೆಡ್ಡಿನ ಮ್ಯಾಲೆ ದೂರು ಕೊಡ್ರಿ.

ಟಿಳಕವಾಡಿ:

ಗೂಗಲ್ ಮಾಡಿದರೆ "ತಂದೆಯೇ ಮಗನ ಮೇಲೆ ಬಾಲ ನ್ಯಾಯಾಲಯಕ್ಕೆ ಹೋಗಬಹುದು" ಎಂಬ ಪುಟಗಳು ಸಾಲಾಗಿ ಬರುತ್ತವೆ. ಅವೆಲ್ಲ ಅಮೆರಿಕದವು, ನಮ್ಮ ಪಾಲಕರಿಗೆ ಯಾರೋ ಅದನ್ನೇ ಓದಿ ಹೇಳಿರುತ್ತಾರೆ. ಅಲ್ಲಿ ಓಹಾಯೊ ರಾಜ್ಯದ ಕಾಯ್ದೆಯಲ್ಲಿ ಪಾಲಕರ ಮಾತು ಮೀರುವ, ಶಾಲೆ ತಪ್ಪಿಸುವ ಮಗುವಿಗೆ "ಅನ್‌ರೂಲಿ" (ಹತೋಟಿಗೆ ಬಾರದ) ಎಂಬ ವರ್ಗವೇ ಇದೆ. ನ್ಯೂಯಾರ್ಕಿನಲ್ಲಿ ಪಾಲಕರು ಕುಟುಂಬ ನ್ಯಾಯಾಲಯಕ್ಕೆ "ಪಿನ್ಸ್" (ಮೇಲ್ವಿಚಾರಣೆ ಬೇಕಾದ ವ್ಯಕ್ತಿ ಎಂಬರ್ಥ) ಅರ್ಜಿ ಹಾಕಬಹುದು. ಅಲ್ಲಿಯೂ ಇಂಥ ಮಕ್ಕಳನ್ನು ಬಂಧನದಲ್ಲಿ ಇಡಬಾರದೆಂದು 1974ರಲ್ಲಿ ಕೇಂದ್ರದ ಕಾಯ್ದೆ ಬಂತು. ಆದರೆ 1980ರಲ್ಲಿ ಒಂದು ಕಿಂಡಿ ಬಿಟ್ಟರು: ನ್ಯಾಯಾಲಯ "ಶಾಲೆಗೆ ಹೋಗು" ಎಂದು ಆದೇಶಿಸಿ, ಮಗು ಹೋಗದಿದ್ದರೆ, ಆದೇಶ ಉಲ್ಲಂಘನೆಗೆ ಬಂಧನದಲ್ಲಿ ಇಡಬಹುದು. ಹಾಗೆ ಶಾಲೆ ತಪ್ಪಿಸಿದ ಮಕ್ಕಳೂ ಒಳಗೆ ಹೋದರು. ನಮ್ಮ 1986ರ 17ನೇ ಕಲಂ ಹೋದದ್ದು ಒಳ್ಳೆಯದೇ ಆಯಿತು ಎನ್ನುವವ ನಾನು.

ನಿವೃತ್ತ ಪರಿವೀಕ್ಷಕ, ವಿಜಯಪುರ:

ಸಾಲಿ ಕಡೆಯಿಂದ ಆಗೂದು ಎರಡು ಮಾತು. ಹುಡುಗನ ಹೆಸರು ತಗೀಬ್ಯಾಡ್ರಿ. ಟಿಸಿ ಕೊಟ್ಟು ಕಳಸಿದ್ರ ವರದಿಯಾಗ "ಶಾಲೆ ಬಿಟ್ಟ ಮಗು" ಅಂತ ಬರ್ತದ, ಮಂಡಳಿಗೂ ಸಮಿತಿಗೂ ಅವನ್ನ ಮನ್ಯಾಗ ಇಡಾಕ ಇರೂ ಗಟ್ಟಿ ಕಾರಣ ಒಂದು ಹೋಗ್ತದ. ಓದು ಬ್ಯಾಡೇ ಬ್ಯಾಡ ಅಂದ್ರ ಐಟಿಐ ವಿಚಾರ ಮಾಡ್ರಿ. ವೆಲ್ಡರ್, ವೈರ್‌ಮನ್‌ನಂಥ ಟ್ರೇಡಿಗೆ 8ನೇತ್ತೆ ಪಾಸಾಗಿ 14 ತುಂಬಿದ್ರ ನಡೀತದ. ಗ್ಯಾರೇಜಿಗೆ ಹಚ್ಚೂದಕಿಂತ ಎಷ್ಟೋ ಪಾಲು ಮೇಲು.

ಇನ್ನ ಊರ ವಾಟ್ಸಾಪ್ ಗ್ರೂಪಿನ್ಯಾಗ ಹುಡುಗನ ಫೋಟೋ ಹಾಕಿ "ಕಳ್ಳ, ಹುಷಾರ್" ಅಂತ ಬರೀತಾರ. ಪ್ರಕರಣ ಆದ ಮ್ಯಾಲೆ ಹೆಸರು, ಫೋಟೋ, ಸಾಲಿ ಹೆಸರು ಏನು ಹೊರಗ ಬಂದ್ರೂ 74ನೇ ಕಲಂ: 6 ತಿಂಗಳತನಕಾ ಸಜಾ, ಇಲ್ಲಾ 2 ಲಕ್ಷದತನಕಾ ದಂಡ, ಇಲ್ಲಾ ಎರಡೂ. ಗ್ರೂಪಿನ ಮಂದಿಗೆ ಇದನ್ನ ಮೊದಲ ಹೇಳ್ರಿ.

ಜಮಖಂಡಿ ಮಾಸ್ತರ:

ತಂದೆ ಕಂಪ್ಲೇಂಟಿನ ವಿಚಾರ ಸದ್ಯಕ್ಕ ಬಿಟ್ಟಾನ. ಸಮಿತಿಗೆ ಹೋಗಾಕ ತಾಯಿ ಒಪ್ಪ್ಯಾಳ. ವಯಸ್ಸಿಂದು ಒಂದು ಗೊಂದಲ ಉಳಿದದ. ಸಾಲಿ ದಾಖಲಾತಿಯಾಗ ಜೂನ್ 1 ಅಂತ ಅದ, ಆಧಾರಿನ್ಯಾಗ ಬ್ಯಾರೆ ತಾರೀಖು, ವರ್ಷಾನೂ ಒಂದು ಮುಂದ. ಯಾವುದು ಹಿಡೀತಾರ? ಮತ್ತ ಮುಂದ ಪೊಲೀಸ್, ಮಿಲಿಟರಿ ಭರ್ತಿಗೆ ಇದೆಲ್ಲಾ ಅಡ್ಡ ಬರ್ತದೇನು?

ನವನಗರ ವಕೀಲ:

94ನೇ ಕಲಮಿನಲ್ಲಿ ಆಧಾರ್ ಇಲ್ಲವೇ ಇಲ್ಲ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅವು ಇಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ, ಆದೇಶವಾದ 15 ದಿನದಲ್ಲಿ. ನಮ್ಮ ಕಡೆ ಒಂದನೇತ್ತೆಗೆ ಹೆಸರು ಹಚ್ಚುವಾಗ ಅಂದಾಜಿನಲ್ಲಿ ಜೂನ್ 1 ಬರೆದುಬಿಡುವುದು ಎಲ್ಲರಿಗೂ ಗೊತ್ತಿರುವುದೇ, ಆದರೂ ಮೊದಲ ತೂಕ ಅದಕ್ಕೇ. ದಾಖಲಾತಿ ರಜಿಸ್ಟರಿನ ಪ್ರತಿಯ ಮೇಲೆ ಹೆಡ್‌ಮಾಸ್ತರರ ಸಹಿ ಮತ್ತು ಸಿಕ್ಕಾ ಹಾಕಿಸಿ ಕೊಡಿ, ತಾಯಿಯ ಕೈಯಲ್ಲಿ ಎರಡು ಪ್ರತಿ ಇರಲಿ. ಆಧಾರನ್ನು ಶಾಲೆಯ ತಾರೀಖಿಗೆ ಹೊಂದಿಸಿ ತಿದ್ದಿಸುವ ಕೆಲಸ ಆಮೇಲೆ ನಿಧಾನಕ್ಕೆ ಮಾಡಿದರಾಯಿತು.

ಭರ್ತಿಗೆ ಅಡ್ಡ ಬರುವುದಿಲ್ಲ. ಸಮಿತಿಯದಂತೂ ಅಪರಾಧದ ವಿಚಾರಣೆಯೇ ಅಲ್ಲ. ಮಂಡಳಿಯಲ್ಲಿ ತಪ್ಪು ಸಾಬೀತಾದರೂ 24ನೇ ಕಲಂ ಪ್ರಕಾರ ಅದರಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ, ಅಪೀಲಿನ ಅವಧಿ ಮುಗಿದ ಮೇಲೆ ದಾಖಲೆ ನಾಶಪಡಿಸಬೇಕು. 16 ದಾಟಿ, ಘೋರ ಅಪರಾಧಕ್ಕೆ ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥನಾದವನಿಗೆ ಮಾತ್ರ ಈ ರಕ್ಷಣೆ ಇಲ್ಲ.

ಪಿಎಲ್‌ವಿ ಅಕ್ಕ, ಇಂಡಿ:

ಸರ, ಹೋಗೂ ದಿವಸ ತಾಯಿ ಜೋಡಿ ನೀವು ಇಲ್ಲಾ ಸಾಲಿ ಟೀಚರ ಒಬ್ಬರು ಇದ್ರ ಚಲೋ. ಹಾಜರಿ ಪುಸ್ತಕದ ಆ ಎರಡು ಸತ್ರದ ಝೆರಾಕ್ಸ್ ಒಯ್ರಿ, ಸಮಿತಿಯವರು ಅದನ್ನ ಕೇಳೇ ಕೇಳ್ತಾರ. ಹುಡುಗಗ "ನಿನ್ನ ಒಳಗ ಹಾಕಾಕ ಕರಕೊಂಡು ಹೊಂಟೀವಿ" ಅಂತ ಯಾರೂ ಅನ್ನಬಾರದು, ಅಂದ್ರ ಬಸ್ ಸ್ಟ್ಯಾಂಡಿನ್ಯಾಗೇ ಇಳದು ಹೋಗ್ತಾನ. ಮುಂಜಾನೆ ಹನ್ನೊಂದರ ಒಳಗ ಮುಟ್ಟೂ ಹಂಗ ಹೊಂಡ್ರಿ.